ಹೊಳಪನ್ನು ಕಳೆಯುವ ಗಾಜು

ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಹಗರೆ ಬಂದುದು ಊರನ್ನು ನೋಡಿ ತಿಳಿಯುವುದಿಲ್ಲ, ಪರಸ್ಥಳದ ಪ್ರಯಾಣಿಕರು ಎದ್ದು ನಿಂತು, "ಹಳೇಬೀಡಿಗೆ ಇಲ್ಲಿಯೇ ಇಳಿಯಬೇಕೆ?" ಎಂದು ಕೇಳತೊಡಗುವುದರಿಂದ ತಿಳಿಯುತ್ತದೆ. ದಾರಿ ಇಲ್ಲಿ ಕವಲೊಡೆಯುವುದು. ಮುಂದೆ ಸಾಗಿದರೆ ಚೆನ್ನಕೇಶವನ ಬೇಲೂರು. ಪಕ್ಕಕ್ಕೆ ಹೊರಳಿದರೆ ಹೊಯ್ಸಳೇಶ್ವರನ ಹಳೇಬೀಡು. ಇಂಥ ಎರಡು ಕೀರ್ತಿಗಳ ನಡುವೆ ಹಗರೆಗೆ ತನ್ನದೆಂದು ಹೇಳಿಕೊಳ್ಳುವಂಥ ಕೀರ್ತಿ ಉಳಿದಿಲ್ಲ. ಅದಕ್ಕಾಗಿ ಆ ಊರು ಕೊರಗಿದುದನ್ನೂ ನಾನು ಕಂಡಿಲ್ಲ. ಅದು ನನ್ನ ಸೋದರಮಾವನ ಊರು. ಬಾಲ್ಯದ ಬೇಸಗೆಗಳನ್ನೆಲ್ಲ ನಾನು ಅಲ್ಲಿ ಕಳೆದೆನು. ಈಗ ಹೇಳಹೊರಟಿರುವ ವಿಷಯವೂ ಅಲ್ಲಿಂದಲೇ ಹೊರಡುತ್ತದೆ.

ವಿಷಯ ಬಹಳ ಸಣ್ಣದು. ನಮ್ಮ ಸಂಘದ ಮಿತ್ರರಲ್ಲಿ ಕೆಲವರು ರಜೆ ಬಂದಿತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ದೇವಾಲಯಗಳನ್ನೂ ಜಲಪಾತಗಳನ್ನೂ ನೋಡಹೊರಡುವವರು. ಅವರಲ್ಲಿ ಇಬ್ಬರು ಮೂವರು ಈಚೆಗೆ ನನ್ನನ್ನು ಕೇಳಿದರು: "ಆಕಾಶವನ್ನು ನೀಲಿಯಾಗಿಸಿ ನೀರಿನ ಹೊಳಪನ್ನು ತೆಗೆಯುವ ಗಾಜು ಒಂದುಂಟಂತೆ. ನಮ್ಮಂಥವರ ಕೈಗೆಟಕುವ ಬೆಲೆಯಲ್ಲಿ ಯಾವುದನ್ನು ಕೊಳ್ಳೋಣ?" ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು, ಗಾಜಿನ ಶಾಸ್ತ್ರ ನನ್ನ ವೃತ್ತಿಯಲ್ಲ. ಆದರೆ ಈ ಗಾಜನ್ನು ಒಮ್ಮೆ ತಪ್ಪಾಗಿ ಕೊಂಡವನು, ಮತ್ತೊಮ್ಮೆ ವಿಚಾರಿಸಿ ಕೊಂಡವನು. ಆ ಎರಡರ ನಡುವೆ ನನ್ನ ಕೈಯಿಂದ ಆದ ಒಂದು ನಷ್ಟವನ್ನು ಹೇಳದೆ ಬರಿಯ ಬೆಲೆಯನ್ನು ಹೇಳುವುದು ಸರಿಯಲ್ಲವೆಂದು ತೋರಿ ಇದನ್ನು ಬರೆಯುತ್ತಿದ್ದೇನೆ. ಸಾಹಿತ್ಯದ ಮಾಸಿಕದಲ್ಲಿ ಗಾಜಿನ ವ್ಯಾಪಾರವೇಕೆಂದು ಓದುಗರು ಹುಬ್ಬೇರಿಸಬಾರದು.

ಐದು ವರ್ಷಗಳ ಕೆಳಗೆ ನಾನೊಂದು ಬಳಸಿದ ಕ್ಯಾಮೆರಾವನ್ನು ಕೊಂಡೆನು. ಕೊಂಡವನು ಮೊದಲು ಓಡಿದುದು ಹಳೇಬೀಡಿಗೆ. ಏಪ್ರಿಲ್ ತಿಂಗಳ ನಡುಹಗಲು. ಬರಿಗಣ್ಣಿಗೆ ಹಸುರಾಗಿ, ನೀಲಿಯಾಗಿ, ಬಳಪದ ಕಲ್ಲಿನ ಮೃದುವಾದ ಬೂದುಬಣ್ಣದಿಂದ ಕೂಡಿ ಕಂಡುದೆಲ್ಲ ಚಿತ್ರದಲ್ಲಿ ಸುಣ್ಣ ಬಳಿದಂತೆ ಬಂದಿತು. ಆಕಾಶ ಬಿಳಿ, ಮರದ ಎಲೆಯೊಂದೊಂದೂ ತಗಡಿನ ಚೂರು, ಕೆರೆಯ ನೀರು ಕಣ್ಣು ಕುಕ್ಕುವ ಒಂದು ಹಾಳೆ. ಹಾಸನದಲ್ಲಿ ಸ್ಟುಡಿಯೋ ಇಟ್ಟಿರುವ ಪರಿಚಿತರೊಬ್ಬರಿಗೆ ತೋರಿಸಿದೆನು. ಅವರು ನಕ್ಕು, "ಕ್ಯಾಮೆರಾದ ತಪ್ಪಲ್ಲ ಸ್ವಾಮಿ, ಬಿಸಿಲಿನ ತಪ್ಪು. ಒಂದು ಪೋಲರೈಸರ್ ಫಿಲ್ಟರು ಹಾಕಿ ನೋಡಿ" ಎಂದರು. ಬೆಲೆ ಕೇಳಿದೆನು. ಒಳ್ಳೆಯದಕ್ಕೆ ಏಳು ಸಾವಿರಕ್ಕೂ ಮೇಲಾಗುವುದೆಂದೂ, ಐನೂರರ ಒಳಗೂ ಸಿಗುವುದೆಂದೂ ಹೇಳಿದರು. ಒಂದೇ ಹೆಸರಿನ ವಸ್ತು ಐನೂರಕ್ಕೂ ಸಿಗುವಾಗ ಏಳು ಸಾವಿರ ಕೊಡುವವನು ಮೂರ್ಖನೆಂದು ನಾನು ಅಂದು ತೀರ್ಮಾನಿಸಿದೆನು. ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ೪೮೦ ರೂಪಾಯಿ ತೆತ್ತು ಒಂದನ್ನು ತಂದೆನು.

ಈ ಗಾಜು ಮಾಡುವ ಕೆಲಸವನ್ನು ನನಗೆ ತಿಳಿಯಹೇಳಿದವರು ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು. ಬೆಳಕು ಅಲೆಯಂತೆ ಬರುವುದು. ಆ ಅಲೆ ಮೇಲೆ ಕೆಳಗೆ, ಅಡ್ಡಡ್ಡ, ಓರೆಯಾಗಿ, ಎಲ್ಲ ದಿಕ್ಕುಗಳಿಗೂ ಕಂಪಿಸುತ್ತಿರುವುದು. ನೀರು, ಎಲೆ, ಗಾಜು, ನುಣುಪಾದ ಕಲ್ಲು ಮೊದಲಾದುವುಗಳ ಮೇಲೆ ಓರೆಯಾಗಿ ಬಿದ್ದು ಪ್ರತಿಫಲಿಸಿದ ಬೆಳಕಾದರೋ ಹೆಚ್ಚಾಗಿ ಒಂದೇ ದಿಕ್ಕಿಗೆ ಕಂಪಿಸುತ್ತದೆ. ಇದಕ್ಕೆ ಧ್ರುವೀಕರಣವೆಂದು ಹೆಸರು. "ಬೇಲಿಯ ನೆಟ್ಟಗಿನ ಗಳುಗಳ ಸಂದಿಯಲ್ಲಿ ಹಗ್ಗವೊಂದನ್ನು ಹಾಯಿಸಿ ಅಲುಗಿಸಿ ನೋಡಿ. ಮೇಲೆ ಕೆಳಗೆ ಅಲುಗಿಸಿದರೆ ಅಲೆ ಬೇಲಿಯನ್ನು ದಾಟುತ್ತದೆ. ಅಡ್ಡಡ್ಡ ಅಲುಗಿಸಿದರೆ ಗಳುವಿಗೆ ಬಡಿದು ಅಲ್ಲಿಯೇ ನಿಲ್ಲುತ್ತದೆ. ನಿಮ್ಮ ಫಿಲ್ಟರು ಅಂಥ ಬೇಲಿ, ಅದನ್ನು ತಿರುಗಿಸಿದರೆ ಗಳುಗಳನ್ನು ಮಲಗಿಸಿ ನಿಲ್ಲಿಸಿದ ಹಾಗೆ" ಎಂದು ಅವರು ಹೇಳಿದರು. ಆದುದರಿಂದಲೇ ಫಿಲ್ಟರಿನಲ್ಲಿ ಒಂದರೊಳಗೊಂದು ತಿರುಗುವ ಎರಡು ಬಳೆಗಳಿರುವುವು. ಹೊಳಪು ಮಾಯವಾಗುವವರೆಗೆ ಮುಂದಿನ ಬಳೆಯನ್ನು ತಿರುಗಿಸಬೇಕು. ನೀರಿನ ಮೇಲ್ಮೈಯಿಂದ ಸುಮಾರು ೩೭ ಅಂಶದ ಕೋನದಲ್ಲಿ ನೋಡಿದಾಗ ಹೊಳಪು ಬಹುಮಟ್ಟಿಗೆ ಪೂರ್ತಿಯಾಗಿ ಹೋಗುತ್ತದೆ. ನೇರವಾಗಿ ಮೇಲಿನಿಂದ ಬಗ್ಗಿ ನೋಡಿದರೆ ಏನೂ ಆಗದು. ಆಕಾಶದ ನೀಲಿಯೂ ಹೀಗೆಯೇ ಧ್ರುವೀಕರಣಗೊಂಡ ಬೆಳಕು. ಸೂರ್ಯನಿಗೆ ಲಂಬವಾದ ದಿಕ್ಕಿನಲ್ಲಿ ಅದು ಅತ್ಯಧಿಕ. ಸೂರ್ಯನ ಕಡೆಗೂ ಅವನ ಬೆನ್ನ ಕಡೆಗೂ ತೀರ ಅಲ್ಪ.

ಇಷ್ಟು ಸಣ್ಣ ಗಾಜಿನ ಹಿಂದೆ ಎಷ್ಟು ದೊಡ್ಡ ವಂಶಾವಳಿಯಿದೆಯೆಂದು ತಿಳಿದು ನಾನು ಬೆರಗಾದೆನು. ೧೬೬೯ರಲ್ಲಿ ಡೆನ್ಮಾರ್ಕಿನ ಬಾರ್ತೊಲಿನ್ ಎಂಬಾತನು ಐಸ್‌ಲೆಂಡ್ ದ್ವೀಪದಿಂದ ಬಂದ ಹರಳಿನ ಮೂಲಕ ನೋಡಿದರೆ ಒಂದು ವಸ್ತು ಎರಡಾಗಿ ಕಾಣುವುದನ್ನು ಬರೆದಿಟ್ಟನು. ೧೮೦೮ರಲ್ಲಿ ಪ್ಯಾರಿಸ್ಸಿನ ಮಾಲುಸನು ಎದುರಿನ ಅರಮನೆಯ ಕಿಟಕಿಗಳಲ್ಲಿ ಹೊಳೆಯುತ್ತಿದ್ದ ಸಂಜೆಯ ಸೂರ್ಯನನ್ನು ಅಂಥ ಹರಳಿನಿಂದ ನೋಡಿ, ಅದನ್ನು ತಿರುಗಿಸಿದಂತೆಲ್ಲ ಒಂದು ಬಿಂಬ ಮಂಕಾಗುವುದನ್ನು ಕಂಡನು. ೧೮೫೨ರಲ್ಲಿ ಇಂಗ್ಲೆಂಡಿನ ಹೆರಪಾತ್ ಎಂಬ ವೈದ್ಯನ ಶಿಷ್ಯನೊಬ್ಬನು ಕ್ವಿನೈನು ತಿನ್ನಿಸಿದ ನಾಯಿಯ ಮೂತ್ರಕ್ಕೆ ಅಯೋಡೀನನ್ನು ಬೆರೆಸಲು, ಹಸುರು ಹರಳುಗಳು ಹುಟ್ಟಿದುವು. ಅವು ಬೆಳಕನ್ನು ಒಂದೇ ದಿಕ್ಕಿಗೆ ಸೋಸುತ್ತಿದ್ದುವು. ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಹಿರಿಯರಿಗೆ ಕ್ವಿನೈನು ಚಳಿಜ್ವರದ ಕಹಿಮದ್ದು. ಅದರ ಹರಳೇ ಮುಂದೆ ಛಾಯಾಚಿತ್ರಕಾರನ ಕನ್ನಡಕವಾದೀತೆಂದು ಯಾರು ಎಣಿಸಿದ್ದರು? ೧೯೨೯ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡನು ಅಂಥ ಅತಿಸೂಕ್ಷ್ಮವಾದ ಹರಳುಗಳನ್ನು ತೆಳುವಾದ ಹಾಳೆಯಲ್ಲಿ ಒಂದೇ ದಿಕ್ಕಿಗೆ ಸಾಲುಗೂಡಿಸಿದನು. ಬೆಲೆಬಾಳುವ ಹರಳಿನ ಕೆಲಸವನ್ನು ಅಗ್ಗದ ಹಾಳೆ ಮಾಡುವಂತಾದುದು ಅಂದಿನಿಂದ.

ಈ ವಂಶಾವಳಿಯಲ್ಲಿ ನಮ್ಮವರೂ ಇದ್ದಾರೆ. ಮುಂದೆ ಬೆಂಗಳೂರನ್ನೇ ಮನೆಯಾಗಿಸಿಕೊಂಡ ಚಂದ್ರಶೇಖರ ವೆಂಕಟರಾಮನ್ನರು ೧೯೨೧ರಲ್ಲಿ ಇಂಗ್ಲೆಂಡಿನಿಂದ ನರ್ಕುಂಡ ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದರು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವೇ ಹೊರತು ಬೇರೆಯಲ್ಲವೆಂದು ಆಗ ದೊಡ್ಡವರು ಹೇಳುತ್ತಿದ್ದರು. ರಾಮನ್ನರು ಹಡಗಿನಲ್ಲಿ ನಿಂತು ನಿಕಾಲ್ ಪಟ್ಟಕವೆಂಬ ಹರಳಿನ ಉಪಕರಣವನ್ನು ಕಣ್ಣಿಗೆ ಹಿಡಿದು, ನೀರಿನ ಮೇಲಿನ ಆಕಾಶದ ಹೊಳಪನ್ನು ಕಳೆದು ನೋಡಿದರು. ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು. ಹೊಳಪು ಆಕಾಶದ್ದು, ನೀಲಿ ನೀರಿನದು. ಪರರಿಂದ ಬಂದುದನ್ನು ಕಳೆದರೆ ತನ್ನದು ಕಾಣುವುದೆಂಬ ಮಾತು ನನಗೆ ಬಹಳ ಹಿಡಿಸಿತು. ನೋಡುವ ಕಲೆಯೆಲ್ಲ ಇದರಲ್ಲಿ ಅಡಗಿದೆಯೆಂದು ತರಗತಿಯಲ್ಲಿ ಹುಡುಗರಿಗೂ ಹೇಳಿದೆನು. ಅರ್ಧ ಸತ್ಯಗಳು ಬಾಯಲ್ಲಿ ಬಹಳ ಚೆನ್ನಾಗಿ ಉರುಳುತ್ತವೆ.

ಆ ವರ್ಷವೇ ಹಗರೆಯ ಮಾವನ ಹಳೆಯ ಮನೆಯನ್ನು ಕೀಳಿಸುವುದೆಂದು ಗೊತ್ತಾಯಿತು. ಅದು ತೊಟ್ಟಿಯ ಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಸುತ್ತ ಹಲಸಿನ ಮರದ ಎಂಟು ಕಂಬಗಳ ಪಡಸಾಲೆ. ಪಡಸಾಲೆಗೆ ಕೆಂಪು ಗಾರೆಯ ನೆಲ. ಮಾಡು ಸೋರುತ್ತಿತ್ತು, ತೊಲೆಗಳಿಗೆ ಗೆದ್ದಲು ಹತ್ತಿತ್ತು. ಮಕ್ಕಳಿಗೆ ಹೊಸ ಮನೆ ಬೇಕಾಗಿತ್ತು. ಕೀಳಿಸುವುದು ತಪ್ಪೆಂದು ಹೇಳುವ ಹಕ್ಕು ವರ್ಷಕ್ಕೆ ನಾಲ್ಕು ದಿನ ಬಂದು ಹೋಗುವ ನನಗಿಲ್ಲ. ಮಾವ ಹೇಳಿದರು: "ನೀನು ಅದೇನೋ ಕ್ಯಾಮೆರಾ ಇಟ್ಟುಕೊಂಡಿದೀಯಲ್ಲಪ್ಪ, ಕೀಳೋಕೆ ಮುಂಚೆ ಒಂದು ನಾಲ್ಕು ಪಟ ತೆಗೆದುಕೊಡು. ನಿಮ್ಮತ್ತೆಗೆ ಒಂದು ಜ್ಞಾಪಕ ಇರಲಿ."

ನಾನು ಹೋದೆನು. ಬೆಳಗಿನ ಒಂಬತ್ತರ ಬೆಳಕು ತೊಟ್ಟಿಯಿಂದ ಇಳಿದು ಪಡಸಾಲೆಯ ನೆಲದ ಮೇಲೆ ಹರಡಿತ್ತು. ಕಂಬಗಳ ನೆರಳಲ್ಲ, ಕಂಬಗಳ ಪ್ರತಿಬಿಂಬಗಳೇ ನೆಲದಲ್ಲಿ ತಲೆಕೆಳಗಾಗಿ ನಿಂತಿದ್ದುವು. ಕ್ಯಾಮೆರಾದ ಕಿಂಡಿಯಲ್ಲಿ ನೋಡಿದೆನು. ನೆಲದ ಅರ್ಧಭಾಗ ಬೆಳ್ಳಗೆ ಹೊಳೆಯುತ್ತಿತ್ತು. ನನಗೆ ಹೊಸ ಗಾಜಿನ ನೆನಪಾಯಿತು. ಅದನ್ನು ತಿರುಪಿ ಸಿಕ್ಕಿಸಿ ಬಳೆಯನ್ನು ತಿರುಗಿಸಿದೆನು. ಹೊಳಪು ಮೆಲ್ಲನೆ ಕರಗಿ, ಕೆಂಪು ನೆಲ ಸ್ಪಷ್ಟವಾಗಿ ಎದ್ದುಬಂದಿತು. ರಾಮನ್ನರು ಸಮುದ್ರವನ್ನು ಕಂಡ ಹಾಗೆ ನಾನು ನೆಲವನ್ನು ಕಂಡೆನೆಂದು ಹಿಗ್ಗಿದೆನು! ನಡುಮನೆ, ಅಡಿಗೆಯ ಮನೆ, ಜಗಲಿ, ತೊಟ್ಟಿಯ ನಾಲ್ಕು ಮೂಲೆಗಳು, ಹೀಗೆ ನಲವತ್ತಕ್ಕೂ ಮೇಲಾದ ಚಿತ್ರಗಳನ್ನು ತೆಗೆದೆನು. ಒಂದರಲ್ಲಿಯೂ ಹೊಳಪು ಉಳಿಯದಂತೆ ಎಚ್ಚರಿಕೆ ವಹಿಸಿದೆನು. ಹದಿನೈದು ದಿನಗಳಲ್ಲಿ ಮನೆ ನೆಲಸಮವಾಯಿತು.

ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿದಾಗ ಮೊದಲು ಕಂಡುದು ಬಣ್ಣ. ಸುಣ್ಣದ ಗೋಡೆ ಅರಿಸಿನದ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಆಮೇಲೆ ಕಂಡುದು ಮಬ್ಬು. ಕಂಬದ ಕೆತ್ತನೆಯ ಅಂಚುಗಳು ಕರಗಿದ್ದುವು. ಬಾಗಿಲವಾಡದ ಮೇಲಿನ ಹೂಬಳ್ಳಿ ಬಳ್ಳಿಯೋ ಬಿರುಕೋ ತಿಳಿಯದಂತಿತ್ತು. ಹಾಸನದ ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಬಣ್ಣವನ್ನು ತಕ್ಕಮಟ್ಟಿಗೆ ಸರಿಪಡಿಸಿದರು. ಮಬ್ಬನ್ನು ಸರಿಪಡಿಸಲಾಗದೆಂದು ಕೈಯಾಡಿಸಿದರು. ಇದ್ದುದರಲ್ಲಿ ಒಳ್ಳೆಯ ಎಂಟನ್ನು ಆರಿಸಿ ಹಗರೆಗೆ ಒಯ್ದೆನು.

ಅತ್ತೆ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಒಂದೊಂದನ್ನೇ ನೋಡಿದರು. ಪಡಸಾಲೆಯ ಚಿತ್ರ ಬಂದಾಗ ಬಹಳ ಹೊತ್ತು ಸುಮ್ಮನಿದ್ದು, "ಇದು ಯಾರ ಮನೆಯಪ್ಪ?" ಎಂದರು. ನಾನು ನಕ್ಕು, "ನಿಮ್ಮದೇ ಅತ್ತೆ" ಎಂದೆನು. "ನಮ್ಮ ನೆಲ ಹೀಗಿರಲಿಲ್ಲ" ಎಂದರು ಅವರು. ಕೋಪವಿರಲಿಲ್ಲ, ಲೆಕ್ಕ ತಪ್ಪಿದೆಯೆಂದು ತೋರಿಸುವವರ ಧ್ವನಿಯಿತ್ತು.

ನನಗೆ ಆಗ ನೆನಪಾಯಿತು. ಆ ನೆಲ ತಾನಾಗಿ ಹೊಳೆದುದಲ್ಲ. ಅತ್ತೆ ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಲವತ್ತೆರಡು ವರ್ಷ ಅದನ್ನು ದಿನವೂ ಒರೆಸಿದ್ದರು. ಹಬ್ಬದ ಮುನ್ನಾದಿನ ಕೊಬ್ಬರಿ ಎಣ್ಣೆ ಸೋಕಿಸಿದ ಬಟ್ಟೆಯಿಂದ ಮೊಣಕಾಲೂರಿ ಉಜ್ಜುತ್ತಿದ್ದರು. ಮಕ್ಕಳಾಗಿದ್ದ ನಾವು ಅದರಲ್ಲಿ ಮುಖ ನೋಡಿಕೊಂಡು ಹಲ್ಲು ಕಿರಿಯುತ್ತಿದ್ದೆವು. ಗಾರೆ ಮೇಸ್ತ್ರಿಯದು, ಕೆಂಪು ಬಣ್ಣ ಅಂಗಡಿಯದು. ಆ ನೆಲದಲ್ಲಿ ಅತ್ತೆಯದೆಂಬುದು ಆ ಹೊಳಪೊಂದೇ. ನಾನು ಬಳೆಯನ್ನು ತಿರುಗಿಸಿ ತಿರುಗಿಸಿ, ಎಚ್ಚರಿಕೆಯಿಂದ, ನಲವತ್ತು ಚಿತ್ರಗಳಲ್ಲಿಯೂ ಅದನ್ನೇ ಅಳಿಸಿದ್ದೆನು.

ಇಲ್ಲಿ ನ್ಯಾಯವಾಗಿ ಲೆಕ್ಕ ಹಾಕಬೇಕು. ಬಣ್ಣ ಕೆಟ್ಟುದು ಅಗ್ಗದ ಗಾಜಿನ ತಪ್ಪು. ಮಬ್ಬಾದುದೂ ಅದರದೇ ತಪ್ಪು. ಹೊಳಪು ಹೋದುದು ಅದರ ತಪ್ಪಲ್ಲ. ಅದು ಹೇಳಿದ ಕೆಲಸವನ್ನೇ ಮಾಡಿತು. ಏಳು ಸಾವಿರದ ಗಾಜಾಗಿದ್ದರೆ ಅದೇ ಕೆಲಸವನ್ನು ಇನ್ನೂ ಚೊಕ್ಕಟವಾಗಿ ಮಾಡುತ್ತಿತ್ತು. ಆದುದರಿಂದ ಈ ಗಾಜನ್ನು ಕೊಳ್ಳುವವರು ಎರಡು ಬಗೆಯ ತಿಳಿವಳಿಕೆಯನ್ನು ಸಂಪಾದಿಸಬೇಕು. ಒಂದನ್ನು ಅಂಗಡಿಯಲ್ಲಿ ಪರೀಕ್ಷೆ ಮಾಡಿ ಪಡೆಯಬಹುದು. ಇನ್ನೊಂದು ಅಂಗಡಿಯಲ್ಲಿ ಸಿಗುವುದಿಲ್ಲ. ಮೊದಲನೆಯದನ್ನು ಮೊದಲು ಹೇಳುವೆನು.

ಲೆನ್ಸಿನ ಮುಂದಿನ ಬಾಯಿಯ ಅಗಲಕ್ಕೆ ಸರಿಯಾದ ಫಿಲ್ಟರು ಬೇಕು. ಲೆನ್ಸಿನ ಅಂಚಿನಲ್ಲಿ ಅಡ್ಡಗೆರೆ ಎಳೆದ ಸೊನ್ನೆಯ ಗುರುತಿನ ಪಕ್ಕದಲ್ಲಿ ೪೯, ೫೨, ೫೫, ೫೮, ೬೭, ೭೭ ಎಂದು ಮುಂತಾಗಿ ಬರೆದಿರುವುದು. ಅದು ಮಿಲಿಮೀಟರಿನ ಅಳತೆ. ಎರಡು ಮೂರು ಲೆನ್ಸುಗಳಿರುವವರು ಒಂದೊಂದಕ್ಕೆ ಒಂದೊಂದು ಅಗ್ಗದ ಗಾಜನ್ನು ಕೊಳ್ಳುವುದಕ್ಕಿಂತ, ದೊಡ್ಡ ಬಾಯಿಯ ಲೆನ್ಸಿಗೆ ಒಂದೇ ಒಂದು ಒಳ್ಳೆಯದನ್ನು ಕೊಳ್ಳುವುದು ಲೇಸು. ಸಣ್ಣ ಲೆನ್ಸುಗಳಿಗೆ ಅದನ್ನು ಕೂಡಿಸಲು ಸ್ಟೆಪ್-ಅಪ್ ರಿಂಗೆಂಬ ಲೋಹದ ಬಳೆ ದೊರೆಯುತ್ತದೆ. ನನ್ನ ಎರಡು ಲೆನ್ಸುಗಳು ೫೫ ಮತ್ತು ೬೭. ಒಂದು ೬೭ರ ಗಾಜು ಎರಡಕ್ಕೂ ಆಗಿದೆ. ರಿಂಗಿಗೆ ಕೊಟ್ಟುದು ೧೫೦ ರೂಪಾಯಿ. ದೊಡ್ಡ ಲೆನ್ಸಿಗೆ ಸಣ್ಣ ಫಿಲ್ಟರನ್ನು ಕೂಡಿಸಹೋದರೆ ಚಿತ್ರದ ಮೂಲೆಗಳು ಕಪ್ಪಾಗುವುವು.

ಈ ಫಿಲ್ಟರುಗಳಲ್ಲಿ ರೇಖೀಯ ಮತ್ತು ವೃತ್ತೀಯ ಎಂದು ಎರಡು ಜಾತಿ. ವೃತ್ತೀಯವೆಂದರೆ ಗಾಜಿನ ಆಕಾರವಲ್ಲ. ಬೆಳಕನ್ನು ಸೋಸುವ ಹಾಳೆಯ ಹಿಂದೆ ಇನ್ನೊಂದು ಪದರವಿದ್ದು, ಸೋಸಿದ ಬೆಳಕನ್ನು ಅದು ಸುರುಳಿಯಾಗಿ ಸುತ್ತಿಸಿ ಒಳಗೆ ಕಳುಹಿಸುವುದೆಂದು ಅರ್ಥ. ಒಳಗೆ ಕನ್ನಡಿಯಿರುವ ಕ್ಯಾಮೆರಾಗಳಿಗೆ ಇದು ಬೇಕು; ಇಲ್ಲದಿದ್ದರೆ ಬೆಳಕನ್ನಳೆಯುವ, ದೂರವನ್ನು ಹಿಡಿಯುವ ಯಂತ್ರಭಾಗಗಳು ತಬ್ಬಿಬ್ಬಾಗಬಹುದು. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಿಗೆ ರೇಖೀಯವೂ ಸಾಮಾನ್ಯವಾಗಿ ಸಾಕು. ಅಂಥವರು ಫಿಲಂ ಕಾಲದ ಒಳ್ಳೆಯ ಹಳೆಯ ಗಾಜು ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಕಾಗಿಲ್ಲ. ಒಳಗಿನ ಹಾಳೆ ಅಂಚಿನಲ್ಲಿ ಬಿಟ್ಟುಕೊಂಡಿಲ್ಲವೆಂಬುದನ್ನು ಮಾತ್ರ ನೋಡಬೇಕು. ಯಾವ ಜಾತಿಯೆಂದು ತಿಳಿಯಲು ಕನ್ನಡಿಯೊಂದು ಸಾಕು. ಲೆನ್ಸಿಗೆ ಸಿಕ್ಕಿಸುವ ತಿರುಪಿನ ಮುಖ ಕನ್ನಡಿಯ ಕಡೆಗಿರುವಂತೆ ಫಿಲ್ಟರನ್ನು ಕಣ್ಣಿನ ಮುಂದೆ ಹಿಡಿದು, ಅದರ ಮೂಲಕ ಕನ್ನಡಿಯೊಳಗಿನ ಅದರ ಬಿಂಬವನ್ನೇ ನೋಡಬೇಕು. ಕಪ್ಪಾಗಿ ಕಂಡು, ಮುಖವನ್ನು ಮಗುಚಿದಾಗ ತಿಳಿಯಾದರೆ ವೃತ್ತೀಯ. ಎರಡು ಮಗ್ಗುಲಲ್ಲಿಯೂ ತಿಳಿಯಾಗಿಯೇ ಇದ್ದರೆ ರೇಖೀಯ. ಅಥವಾ ಅದು ಈ ಜಾತಿಯ ಗಾಜೇ ಅಲ್ಲ. ಅದು ಬೆಳಕನ್ನು ನಿಜವಾಗಿಯೂ ಸೋಸುವುದೋ ಇಲ್ಲವೋ ಎಂಬುದಕ್ಕೆ ಅಂಗಡಿಯವನ ಕ್ಯಾಲ್ಕುಲೇಟರೇ ಪರೀಕ್ಷಕ. ಅದರ ಅಂಕಿಗಳ ಕಡೆಗೆ ಫಿಲ್ಟರಿನ ಮುಂಮುಖವನ್ನು ಹಿಡಿದು ಮೆಲ್ಲನೆ ತಿರುಗಿಸಿದರೆ, ಒಂದು ಸ್ಥಾನದಲ್ಲಿ ಕಿಂಡಿ ಪೂರ್ತಿ ಕಪ್ಪಾಗಬೇಕು. ಬೂದಿಯಾಗಿಯೋ ನೇರಳೆಯಾಗಿಯೋ ನಿಂತರೆ ಹಾಳೆ ದುರ್ಬಲವೆಂದು ತಿಳಿಯಬೇಕು.

ಬಣ್ಣದ ಪರೀಕ್ಷೆಗೆ ಬಿಳಿಯ ಕಾಗದ ಸಾಕು. ಅಂಗಡಿಯ ದೀಪದ ಕೆಳಗಲ್ಲ, ಹೊರಗಿನ ನೆರಳಿನಲ್ಲಿ ಕಾಗದದ ಅರ್ಧವನ್ನು ಗಾಜಿನ ಮೂಲಕವೂ ಅರ್ಧವನ್ನು ಬರಿಗಣ್ಣಿನಿಂದಲೂ ನೋಡಬೇಕು. ಗಾಜಿನೊಳಗಿನ ಭಾಗ ಕಂದಿ ಬೂದಿಯಾದರೆ ದೋಷವಿಲ್ಲ. ಹಳದಿಗೋ ಹಸುರಿಗೋ ಹೊರಳಿದರೆ ಬಿಡಬೇಕು. ಗಾಜು ಸಮವಾಗಿದೆಯೇ ಎಂದು ನೋಡಲು ಟ್ಯೂಬ್‌ಲೈಟಿನ ಬಿಂಬವನ್ನು ಅದರ ಮೇಲೆ ಬೀಳಿಸಿ ಓಲಾಡಿಸಬೇಕು. ಬಿಂಬ ನೆಟ್ಟಗಿರದೆ ಹಾವಿನಂತೆ ಹರಿದರೆ, ದೂರದ ವಸ್ತುಗಳನ್ನು ಹತ್ತಿರಕ್ಕೆ ತರುವ ಲೆನ್ಸಿನಲ್ಲಿ ಮಬ್ಬು ಖಂಡಿತ. ಆ ಬಿಂಬ ಬೆಳ್ಳಗೆ ಪ್ರಖರವಾಗಿದ್ದರೆ ಗಾಜಿಗೆ ಲೇಪವಿಲ್ಲ. ಮಂಕಾದ ಹಸುರು ಅಥವಾ ನೇರಳೆಯ ಛಾಯೆಯಿದ್ದರೆ ಲೇಪವುಂಟು. ಲೇಪವಿಲ್ಲದ ಗಾಜು ಎದುರು ಬಿಸಿಲಿನಲ್ಲಿ ಒಂದು ಹೊಳಪನ್ನು ತೆಗೆಯಹೋಗಿ ತನ್ನದೇ ಇನ್ನೊಂದನ್ನು ಸೇರಿಸುತ್ತದೆ. ಕೊನೆಗೆ ಬಳೆಯನ್ನು ತಿರುಗಿಸಿ ನೋಡಬೇಕು. ಬಿಗಿಯಾದರೆ ಲೆನ್ಸಿನಿಂದ ಕಳಚಲು ಬಾರದೆ ಸಿಕ್ಕಿಕೊಳ್ಳುವುದು. ಸಡಿಲವಾದರೆ ಇಟ್ಟಲ್ಲಿ ನಿಲ್ಲದು. ಅಗಲನೋಟದ ಲೆನ್ಸಿಗೆ ತೆಳುವಾದ ಬಳೆಯದೇ ಆಗಬೇಕು.

ಈ ಪರೀಕ್ಷೆಗಳಿಗೆ ಐದು ನಿಮಿಷ ಹಿಡಿಯುತ್ತದೆ, ಕಾಸು ಖರ್ಚಿಲ್ಲ. ಇವುಗಳನ್ನು ಕಲಿತ ಮೇಲೆ ನಾನು ೨,೨೦೦ ರೂಪಾಯಿಗೆ ಮಧ್ಯಮ ದರ್ಜೆಯ ಒಂದು ಗಾಜನ್ನು ಕೊಂಡೆನು. ಏಳು ಸಾವಿರದ್ದನ್ನೂ ಪಕ್ಕದಲ್ಲಿಟ್ಟು ನೋಡಿದೆನು. ಅದರ ಹಿತ್ತಾಳೆಯ ಬಳೆ ರೇಷ್ಮೆಯಂತೆ ತಿರುಗುತ್ತಿತ್ತು. ಅದರಿಂದ ಹಾಯುವ ಬೆಳಕು ತುಸು ಹೆಚ್ಚು. ಈ ಎರಡಕ್ಕಾಗಿ ಉಳಿದ ಹಣವನ್ನು ಕೊಡಲು ನನಗೆ ಮನಸ್ಸಾಗಲಿಲ್ಲ. ೪೮೦ಕ್ಕೂ ೨,೨೦೦ಕ್ಕೂ ಇರುವ ಅಂತರವನ್ನು ಚಿತ್ರದಲ್ಲಿ ಕಾಣಬಹುದು. ಅಲ್ಲಿಂದಾಚೆಯ ಅಂತರ ಹೆಚ್ಚಾಗಿ ಕೈಗೆ ತಿಳಿಯುವುದು, ಕಣ್ಣಿಗಲ್ಲ. ಎರಡು ಸಾವಿರವೂ ಕಷ್ಟವೆನ್ನುವವರಿಗೆ ನನ್ನ ಸಲಹೆ ಐನೂರರದನ್ನು ಕೊಳ್ಳಿರೆಂದಲ್ಲ. ಆ ಐನೂರನ್ನು ಎತ್ತಿಟ್ಟು ಬೆಳಗಿನ ಏಳಕ್ಕೆ ಹಳೇಬೀಡಿನಲ್ಲಿರಿ. ಆ ಹೊತ್ತಿನ ಬೆಳಕು ಗಾಜಿನ ಅರ್ಧ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ.

ಇದು ಕೆಲಸಕ್ಕೆ ಬಾರದ ಸ್ಥಳಗಳೂ ಉಂಟು. ಇದು ಬೆಳಕಿನ ಮುಕ್ಕಾಲು ಪಾಲನ್ನು ನುಂಗುತ್ತದೆ; ಅರುವತ್ತನೆಯ ಒಂದು ಸೆಕೆಂಡಿನಲ್ಲಿ ಆಗುವ ಚಿತ್ರಕ್ಕೆ ಹದಿನೈದನೆಯ ಒಂದು ಸೆಕೆಂಡು ಬೇಕಾಗಬಹುದು. ಬೇಲೂರಿನ ನವರಂಗದ ಕತ್ತಲೆಯಲ್ಲಿ ಇದನ್ನು ಹಾಕಿಕೊಂಡು ಕಂಬಗಳ ಮುಂದೆ ನಿಲ್ಲುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹಾಗೆ. ಹಿತ್ತಾಳೆ, ಬೆಳ್ಳಿ ಮೊದಲಾದ ಲೋಹಗಳ ಹೊಳಪನ್ನು ಇದು ತೆಗೆಯಲಾರದು. ಮೋಡ ಕವಿದ ಬೆಳ್ಳನೆಯ ಆಕಾಶ ಇದರಿಂದ ನೀಲಿಯಾಗದು. ಅಗಲನೋಟದ ಲೆನ್ಸಿನಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಗಾಢವಾಗಿ ಉಳಿದುದು ತೆಳುವಾಗಿ ಅಸಹ್ಯವಾಗುವುದು. ತೋರುಬೆರಳನ್ನು ಸೂರ್ಯನ ಕಡೆಗೆ ಚಾಚಿ ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಹಿಡಿದು ಕೈಯನ್ನು ತಿರುವಿದರೆ, ಹೆಬ್ಬೆರಳು ತೋರಿಸುವ ಕಡೆಯಲ್ಲೆಲ್ಲ ಇದರ ಪ್ರಭಾವ ಅಧಿಕ. ಬೆಳಗ್ಗೆ ಸಂಜೆ ಉತ್ತರಕ್ಕೋ ದಕ್ಷಿಣಕ್ಕೋ ಮುಖಮಾಡಿ ತೆಗೆಯುವವರಿಗೆ ಇದು ಒಲಿಯುತ್ತದೆ.

ಇನ್ನು ಅಂಗಡಿಯಲ್ಲಿ ಸಿಗದ ತಿಳಿವಳಿಕೆಯ ಮಾತು. ಹೊಸ ಗಾಜನ್ನು ತೆಗೆದುಕೊಂಡು ಶ್ರಾವಣದ ಒಂದು ಬೆಳಗ್ಗೆ ಮತ್ತೆ ಹಳೇಬೀಡಿಗೆ ಹೋದೆನು. ರಾತ್ರಿ ಮಳೆಯಾಗಿ ಕಲ್ಲೆಲ್ಲ ತೊಯ್ದಿತ್ತು. ಹೊರಗೋಡೆಯ ಶಿಲ್ಪಗಳ ಮೇಲೆ ನೀರಿನ ಹೊಳಪು ಕುಳಿತು ಆಭರಣದ ಎಳೆಗಳನ್ನು ಮರೆಮಾಡಿತ್ತು. ಬಳೆಯನ್ನು ತಿರುಗಿಸಿದೆನು, ಹೊಳಪು ಸರಿಯಿತು. ಒಂಬತ್ತು ನೂರು ವರ್ಷಗಳ ಹಿಂದಿನ ಉಳಿಯ ಕೆಲಸ ಎಳೆ ಎಳೆಯಾಗಿ ಎದ್ದು ನಿಂತಿತು. ಅಲ್ಲಿ ಹೊಳಪು ನಿನ್ನೆ ರಾತ್ರಿಯ ಮಳೆಯದು, ಕೆತ್ತನೆ ಶಿಲ್ಪಿಯದು, ತೆಗೆದುದು ಸರಿಯಾಯಿತು. ಅಲ್ಲಿಂದ ನಂದಿಯ ಮಂಟಪಕ್ಕೆ ಬಂದೆನು. ಆ ಮಹಾನಂದಿಯ ಮೈ ನುಣುಪು. ಬದಿಯಿಂದ ಬಂದ ಬೆಳಕು ಅದರ ಬೆನ್ನಿನ ಮೇಲೆ ಜಾರಿ ನಿಂತಿತ್ತು. ಅಭ್ಯಾಸದ ಬಲದಿಂದ ಬಳೆಯನ್ನು ಕೊನೆಯವರೆಗೂ ತಿರುಗಿಸಿದೆನು. ಕೊರಳಿನ ಸರಗಳು ಸ್ಪಷ್ಟವಾದುವು; ನಂದಿ ಮಾತ್ರ ಮಣ್ಣಿನದಾಯಿತು. ಆ ಹೊಳಪು ಮಳೆಯದಲ್ಲ. ಕಲ್ಲನ್ನು ಉಜ್ಜಿ ಉಜ್ಜಿ ನುಣುಪುಗೊಳಿಸಿದ, ಹೆಸರು ಉಳಿಯದ ಕೈಗಳದು. ಹಗರೆಯ ಪಡಸಾಲೆ ಕಣ್ಣಿಗೆ ಕಟ್ಟಿತು. ಬಳೆಯನ್ನು ಅರ್ಧಕ್ಕೆ ಹಿಂದಿರುಗಿಸಿದೆನು. ಸರದ ಎಳೆಗಳೂ ಕಂಡುವು. ಬೆನ್ನಿನ ಬೆಳಕೂ ಉಳಿಯಿತು.

ಅಂದಿನಿಂದ ಬಳೆಗೆ ಕೈ ಹಚ್ಚುವ ಮೊದಲು, ಈ ಹೊಳಪು ಯಾರದೆಂದು ಒಮ್ಮೆ ಕೇಳಿಕೊಳ್ಳುತ್ತೇನೆ. ಬಿಸಿಲಿನದಾದರೆ, ಮಳೆಯದಾದರೆ, ಹಾದುಹೋಗುವ ಬಸ್ಸಿನ ಗಾಜಿನದಾದರೆ ನಿಶ್ಚಿಂತೆಯಿಂದ ತೆಗೆಯುತ್ತೇನೆ. ಕೆರೆಯಲ್ಲಿ ಆಚೆಯ ದಡದ ಮರಗಳು ಮೂಡಿರುವಾಗ, ಯಾರೋ ತೊಳೆದು ಉಜ್ಜಿದ ಹೊಸ್ತಿಲು ಮಿನುಗುತ್ತಿರುವಾಗ ಗಾಜನ್ನು ಕಳಚಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಕೆಲವೊಮ್ಮೆ ಎರಡು ಬಗೆಯಲ್ಲಿಯೂ ತೆಗೆಯುತ್ತೇನೆ. ಎರಡನೆಯ ಚಿತ್ರಕ್ಕೆ ಬೆಲೆಯಿಲ್ಲ, ಕೆಡವಿದ ಮನೆಗೆ ಎರಡನೆಯ ಅವಕಾಶವಿಲ್ಲ.

ಅತ್ತೆಯ ವಿಷಯವನ್ನು ಹೇಳಿ ಮುಗಿಸುವೆನು. ನನ್ನ ಎಂಟು ಚಿತ್ರಗಳು ಹಗರೆಯ ಹೊಸ ಮನೆಯ ಬೀರುವಿನಲ್ಲಿ ಲಕೋಟೆಯೊಳಗೆ ಭದ್ರವಾಗಿವೆ. ಗೋಡೆಗೆ ಕಟ್ಟು ಹಾಕಿ ತೂಗಿಬಿಟ್ಟಿರುವ ಚಿತ್ರ ನನ್ನದಲ್ಲ. ಮಾವನ ಮೊಮ್ಮಗಳು, ಹತ್ತು ವರ್ಷದ ಹುಡುಗಿ, ಆ ಬೆಳಗ್ಗೆ ನಾನು ಬಳೆ ತಿರುಗಿಸುತ್ತಿದ್ದಾಗ ನನ್ನ ಹಿಂದೆ ನಿಂತು ಅವಳಪ್ಪನ ಮೊಬೈಲಿನಲ್ಲಿ ಸುಮ್ಮನೆ ಒಂದು ಪಟ ತೆಗೆದಿದ್ದಳಂತೆ. ಚಿತ್ರ ವಾರೆಯಾಗಿದೆ, ಒಂದು ಮೂಲೆಯಲ್ಲಿ ನನ್ನ ಮೊಣಕೈ ಬಂದಿದೆ. ನೆಲ ಮಾತ್ರ ಕೊಳದಂತೆ ಹೊಳೆಯುತ್ತಿದೆ. ಎಂಟು ಕಂಬಗಳೂ ಅದರಲ್ಲಿ ಇಳಿದು ನಿಂತಿವೆ. ದೂರದಲ್ಲಿ ಕಾಫಿಯ ಲೋಟ ಹಿಡಿದು ಬರುತ್ತಿರುವ ಅತ್ತೆಯ ಸೀರೆಯ ಬಣ್ಣವೂ ಅವರ ಪಾದದ ಕೆಳಗೆ ಉದ್ದಕ್ಕೆ ಹರಿದಿದೆ.

ಕಳೆದ ದೀಪಾವಳಿಗೆ ಹೋದಾಗ ಹೊಸ ಮನೆಯ ನೆಲವನ್ನು ಹೊಗಳಿದೆನು. ಬೆಳ್ಳನೆಯ ದೊಡ್ಡ ಟೈಲ್ಸು. ಮುಖ ಕಾಣುವಷ್ಟು ಹೊಳಪು. ಅತ್ತೆ ಅದನ್ನು ಒಮ್ಮೆ ನೋಡಿ, "ಇ‌ದಕ್ಕೇನಪ್ಪ, ಒರೆಸದಿದ್ದರೂ ಹೊಳೆಯುತ್ತೆ" ಎಂದರು. ಆಮೇಲೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿಕೊಂಡು, ವಾಡಿಕೆಯಂತೆ ಒರೆಸತೊಡಗಿದರು.